ಟವರ್ ಸಿಗದ ಮನೆಯಿಂದ ನೆರವು ಕರೆಯುವುದು

ಓದುಗರ ಪತ್ರ: ಅಪ್ಪ-ಅಮ್ಮ ಇಬ್ಬರೇ ಇರುವ ಮನೆಯಲ್ಲಿ ಸಿಗ್ನಲ್ ಒಂದು ಕಡ್ಡಿ ಬರುತ್ತದೆ, ಹೋಗುತ್ತದೆ. ಕರೆಂಟ್ ಹೋದರೆ ಅದೂ ಇಲ್ಲ. ರಾತ್ರಿ ಯಾರಿಗಾದರೂ ಎದೆನೋವು ಬಂದರೆ ಏನು ಗತಿ? ಬೂಸ್ಟರ್ ಹಾಕಿಸಿದರೆ ಸಾಕೇ?

ಸಂಪಾದಕರ ಉತ್ತರ: ಬೂಸ್ಟರನ್ನು ಸದ್ಯಕ್ಕೆ ಬದಿಗಿಡಿ. ಹೊರಗಿರುವ ಸಿಗ್ನಲನ್ನು ಅದು ಹಿಗ್ಗಿಸುತ್ತದೆಯೇ ಹೊರತು ಇಲ್ಲದ್ದನ್ನು ಹುಟ್ಟಿಸುವುದಿಲ್ಲ. ಕರೆಂಟ್ ಹೋದರೆ ಅದೂ ನಿಲ್ಲುತ್ತದೆ, ನಿಮ್ಮ ತೊಂದರೆ ಇರುವುದು ಆಗಲೇ. ಅನೇಕ ದೇಶಗಳಲ್ಲಿ ಅನುಮತಿಯಿಲ್ಲದೆ ಹಾಕುವಂತೆಯೂ ಇಲ್ಲ. ಒಳಗಿನ, ಹೊರಗಿನ ಆಂಟೆನಾಗಳು ಹತ್ತಿರವಾದರೆ ಸಭೆಯ ಮೈಕ್ ಕೀರಲಿಡುವಂತೆ ಇದೂ ತನ್ನ ಸದ್ದನ್ನೇ ಮತ್ತೆ ಹಿಡಿದು, ಸುತ್ತಲಿನವರ ಫೋನುಗಳನ್ನೂ ಕೆಡಿಸುತ್ತದೆ.

ಮನೆಯಲ್ಲಿ ಎಲ್ಲೆಲ್ಲಿ ಎಷ್ಟು ಸಿಗ್ನಲ್ ಇದೆಯೆಂದು ಅಳೆಯಿರಿ. ಕಡ್ಡಿಗಳನ್ನು ನಂಬಬೇಡಿ, ಒಂದೊಂದು ಕಂಪನಿಯ ಫೋನು ಒಂದೊಂದು ಲೆಕ್ಕದಲ್ಲಿ ತೋರಿಸುತ್ತದೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಸ್ಟೇಟಸ್ ತೆರೆದರೆ ಸಾಮಾನ್ಯವಾಗಿ ಡಿಬಿಎಂ ಅಂಕಿ ಸಿಗುತ್ತದೆ. ಅದು ಸಿಗ್ನಲಿನ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. 4ಜಿಯಲ್ಲಿ ಸುಮಾರು -100 ಇದ್ದರೆ ಸಾಮಾನ್ಯವಾಗಿ ಕರೆ ಕಡಿಯದೆ ಮಾತಾಡಬಹುದು, -115ಕ್ಕಿಂತ ಕೆಳಗಿಳಿದರೆ ಭರವಸೆಯಿಲ್ಲ. 3 ಅಂಕಿ ಸುಧಾರಿಸಿದರೆ ಸಿಗ್ನಲಿನ ಬಲ ಎರಡರಷ್ಟಾದಂತೆ. ಕಿಟಕಿ, ಮಹಡಿ, ಅಂಗಳ, ಎಲ್ಲ ಕಡೆ ಹಗಲೂ ರಾತ್ರಿಯೂ ನೋಡಿ ಬರೆದಿಟ್ಟುಕೊಳ್ಳಿ. ಒಳ್ಳೆಯ ಅಂಕಿ ಬಂದ ಜಾಗದಲ್ಲಿ ಒಂದು ಕುರ್ಚಿ ಹಾಕಿ. ಎರಡನೇ ಸಿಮ್ ಕೊಳ್ಳುವ ಮುಂಚೆ ಆ ಕಂಪನಿಯ ಫೋನ್ ಇರುವವರನ್ನು ಕರೆದು ಅಲ್ಲೇ ಪರೀಕ್ಷಿಸಿ. ಎರಡು ಕಂಪನಿಗಳು ಒಂದೇ ಟವರಿನಲ್ಲಿದ್ದರೆ, ಆ ಟವರಿನ ಬ್ಯಾಟರಿ ಮುಗಿದಾಗ ಎರಡೂ ಒಟ್ಟಿಗೇ ಹೋಗುತ್ತವೆ.

ಇನ್ನೊಂದು ಮಾತನ್ನು ಅಪ್ಪ-ಅಮ್ಮ ಇಬ್ಬರಿಗೂ ಮನದಟ್ಟು ಮಾಡಿಸಿ. ‘ತುರ್ತು ಕರೆ ಮಾತ್ರ’ ಎಂದು ಫೋನ್ ತೋರಿಸಿದರೆ, ನಿಮ್ಮ ಕಂಪನಿಯ ಟವರ್ ಸಿಗುತ್ತಿಲ್ಲ, ಬೇರೆಯವರದು ಸಿಗುತ್ತಿದೆ ಎಂದು ಸಾಮಾನ್ಯವಾಗಿ ಅರ್ಥ. 112 ಅಥವಾ ಆಯಾ ದೇಶದ ತುರ್ತು ಸಂಖ್ಯೆ ಒತ್ತಿದರೆ, ಸಿಕ್ಕ ಯಾವ ಕಂಪನಿಯ ಟವರಿನಿಂದಲಾದರೂ ಕರೆ ಹೋಗಬಲ್ಲದು. ಮಗನಿಗೆ ಹಚ್ಚಿದ ಕರೆಗೆ ಆ ಸವಲತ್ತಿಲ್ಲ. ಗಾಬರಿಯಲ್ಲಿ ಎಲ್ಲರೂ ಮೊದಲು ಮಕ್ಕಳಿಗೇ ಫೋನ್ ಮಾಡುತ್ತಾರೆ, ಸಮಯ ಕಳೆದುಹೋಗುವುದು ಅಲ್ಲೇ.

ಕರೆ ನಡುವೆಯೇ ಕಡಿದುಹೋಗುವ ಕಡೆಯೂ ಅನೇಕ ಸಲ ಎಸ್‌ಎಂಎಸ್ ದಾಟುತ್ತದೆ. ಅದಕ್ಕೆ ಬೇಕಾದದ್ದು ಕ್ಷಣಕಾಲದ ಸಂಪರ್ಕ ಮಾತ್ರ. ಆದರೆ ಕನ್ನಡ ಲಿಪಿಯಲ್ಲಿ ಬರೆದರೆ ಒಂದು ಸಂದೇಶಕ್ಕೆ 70 ಸ್ಥಾನ, ಇಂಗ್ಲಿಷ್ ಅಕ್ಷರದಲ್ಲಾದರೆ 160. ಅದರಲ್ಲೂ ಪ್ರತಿಯೊಂದು ಒತ್ತು ಎರಡು ಸ್ಥಾನ, ಕಾಗುಣಿತದ ಗುರುತು ಒಂದು ಸ್ಥಾನ ತಿನ್ನುತ್ತದೆ. ‘ಆಸ್ಪತ್ರೆ’ ನಮ್ಮ ಕಣ್ಣಿಗೆ ಮೂರಕ್ಷರ, ಫೋನಿಗೆ ಎಂಟು. ಮಿತಿ ಮೀರಿದರೆ ಸಂದೇಶ ತುಂಡಾಗುತ್ತದೆ, ಒಂದು ತುಂಡು ತಪ್ಪಿದರೂ ಪೂರ್ತಿ ಅರ್ಥವಾಗಲಿಕ್ಕಿಲ್ಲ. ಹಾಗಾಗಿ ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ, 160ರೊಳಗೆ, ಈಗಲೇ ಬರೆದು ಫೋನಿನಲ್ಲಿಡಿ: ಯಾರು, ಏನಾಗಿದೆ, ಮನೆಯ ಗುರುತು, ಗಾಡಿ ಎಲ್ಲಿಯವರೆಗೆ ಬರುತ್ತದೆ. ಒಬ್ಬರಿಗಲ್ಲ, ಮೂವರಿಗೆ ಹೋಗಲಿ. ‘ಕಳುಹಿಸಲಾಗಿದೆ’ ಎಂದರೆ ತಲುಪಿದೆ ಎಂದಲ್ಲ, ಉತ್ತರ ಬರುವವರೆಗೂ ಪ್ರಯತ್ನ ಬಿಡಬಾರದು. ತುರ್ತು ಕೇಂದ್ರ ಎಸ್‌ಎಂಎಸ್ ಸ್ವೀಕರಿಸುತ್ತದೆಯೇ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಿ.

ಮನೆಗೆ ಫೈಬರ್ ಇಂಟರ್ನೆಟ್ ಬಂದಿದ್ದರೆ ಫೋನಿನಲ್ಲಿ ವೈಫೈ ಕಾಲಿಂಗ್ (ಟವರಿನ ಬದಲು ಮನೆಯ ವೈಫೈ ಮೂಲಕ ಕರೆ ಮಾಡುವ ಸೌಲಭ್ಯ) ಆನ್ ಮಾಡಿ, ಬೂಸ್ಟರಿಗಿಟ್ಟ ಹಣದಲ್ಲಿ ರೂಟರಿಗೊಂದು ಮಿನಿ ಯುಪಿಎಸ್ (ಕರೆಂಟ್ ಹೋದಾಗ ಅದನ್ನು ನಡೆಸುವ ಪುಟ್ಟ ಬ್ಯಾಟರಿ) ತನ್ನಿ. ರೂಟರಿನ ಅಡಾಪ್ಟರಿನ ಮೇಲೆ ಬರೆದ ವೋಲ್ಟಿಗೆ ಯುಪಿಎಸ್ಸಿನ ವೋಲ್ಟ್ ತಾಳೆಯಾಗಲೇಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಲಿ. ಫೈಬರ್ ಪೆಟ್ಟಿಗೆ ಬೇರೆಯಿದ್ದರೆ ಅದಕ್ಕೂ ಬ್ಯಾಟರಿ ಬೇಕು, ಹಲವರು ಮರೆಯುವುದು ಇದನ್ನೇ. ತುರ್ತು ಕರೆ ಎಲ್ಲ ಕಡೆಯೂ ವೈಫೈ ಮೂಲಕ ಹೋಗುವುದಿಲ್ಲ. ಹೋದರೂ ನೀವಿರುವ ಜಾಗ ಆ ಕಡೆಯವರಿಗೆ ತಿಳಿಯದೇ ಇರಬಹುದು, ಬಾಯಿಬಿಟ್ಟು ವಿಳಾಸ ಹೇಳಬೇಕು. ಹಳೆಯ ತಾಮ್ರದ ತಂತಿಯ ದೂರವಾಣಿ ಉಳಿದಿದ್ದರೆ ಕೀಳಿಸಬೇಡಿ. ಅದಕ್ಕೆ ವಿದ್ಯುತ್ತು ಎಕ್ಸ್‌ಚೇಂಜಿನಿಂದಲೇ ಬರುತ್ತದೆ. ಆದರೆ ಕಾರ್ಡ್‌ಲೆಸ್ ಬೇಡ, ತಂತಿಯ ರಿಸೀವರೇ ಇರಲಿ.

ಸಿಗ್ನಲ್ ಇಲ್ಲದ ಹೊತ್ತಿನಲ್ಲಿ ಫೋನ್ ಟವರ್ ಹುಡುಕುತ್ತಲೇ ಬ್ಯಾಟರಿ ಬರಿದು ಮಾಡಿಕೊಳ್ಳುತ್ತದೆ. ಏರೋಪ್ಲೇನ್ ಮೋಡ್‌ಗೆ ಹಾಕಿ, ಗಂಟೆಗೊಮ್ಮೆ ಐದು ನಿಮಿಷ ತೆಗೆದು ನೋಡಲಿ.

ಇಷ್ಟೆಲ್ಲ ಇದ್ದೂ, ಬಚ್ಚಲಲ್ಲಿ ಜಾರಿ ಬಿದ್ದವರಿಗೆ ಫೋನ್ ಕೈಗೆ ಸಿಗುವುದಿಲ್ಲ. ಅದಕ್ಕೇ ನಾವು ಎಲ್ಲಕ್ಕಿಂತ ಮೊದಲು ಮಾಡಿ ಎನ್ನುವುದು ಸಮಯ ಗೊತ್ತುಮಾಡಿಕೊಳ್ಳುವುದನ್ನು. ಬೆಳಿಗ್ಗೆ 8ಕ್ಕೆ, ರಾತ್ರಿ 8ಕ್ಕೆ ಒಂದು ಸಂದೇಶ. ಅರ್ಧ ಗಂಟೆ ತಪ್ಪಿದರೆ ನೀವು ಕರೆ ಮಾಡಬೇಕು, ಸಿಗದಿದ್ದರೆ 9ರೊಳಗೆ ಪಕ್ಕದ ಮನೆಯವರು ಹೋಗಿ ನೋಡಬೇಕು. ಆ ವ್ಯಕ್ತಿ ಯಾರೆಂದು ಹೆಸರು ಹಿಡಿದು ಒಪ್ಪಿಸಿ, ಮನೆಯ ಇನ್ನೊಂದು ಬೀಗದ ಕೈ ಅವರಲ್ಲಿರಲಿ. ತಿಂಗಳಿಗೊಮ್ಮೆ ಮೇನ್ ಸ್ವಿಚ್ ಆರಿಸಿ, ಆ ಕುರ್ಚಿಯಿಂದ ಅಮ್ಮನೇ ನಿಮಗೆ ಕರೆ ಮಾಡಿ ನೋಡಲಿ. ತುರ್ತು ಸಂಖ್ಯೆಯನ್ನು ಮಾತ್ರ ಪರೀಕ್ಷೆಗೆಂದು ಒತ್ತಬಾರದು.