ಹೊಟ್ಟೆಯ ಬ್ಯಾಕ್ಟೀರಿಯಾ ಒಂದೇ ಕಾರಣವಲ್ಲ, ಅಕ್ಕಾ

ಪ್ರಶ್ನೆ: ನನಗೆ 47 ವರ್ಷ. ಸಿಂಧನೂರು ಹತ್ತಿರದ ಹಳ್ಳಿ. ಭತ್ತದ ನಾಟಿಗೆ ಹೋಗುತ್ತೇನೆ. ಒಂದು ವರ್ಷದಿಂದ ಸಂಡಾಸು ಬಂದರೆ ತಡೆಯಲು ಆಗುತ್ತಿಲ್ಲ, ಬಟ್ಟೆಗೇ ಆಗಿಬಿಡುತ್ತದೆ. ಮೊದಲ ಹೆರಿಗೆಯಲ್ಲಿ ಇಕ್ಕಳ ಹಾಕಿ ಮಗು ತೆಗೆದಿದ್ದರು. ಎರಡು ವರ್ಷದಿಂದ ಶುಗರ್‌ಗೆ ಮೆಟ್‌ಫಾರ್ಮಿನ್ ಗುಳಿಗೆ ನುಂಗುತ್ತೇನೆ. ಇದಕ್ಕೆ ಹೊಟ್ಟೆಯ ಬ್ಯಾಕ್ಟೀರಿಯಾ ಕಾರಣ ಎಂದು ಮಗಳು ಮೊಬೈಲ್‌ನಲ್ಲಿ ನೋಡಿದ್ದಾಳೆ. ಒಳ್ಳೆ ಬ್ಯಾಕ್ಟೀರಿಯಾ ಇರುತ್ತವಂತಲ್ಲ, ಆ ಪ್ರೊಬಯಾಟಿಕ್ ಕ್ಯಾಪ್ಸೂಲ್ ತಗೊಳ್ಳಲಾ? ಮಗಳಿಗೆ ಬಿಟ್ಟು ಯಾರಿಗೂ ಹೇಳಿಲ್ಲ.

ಉತ್ತರ: ಅಕ್ಕಾ, ಕೇಳಿ ಒಳ್ಳೆಯದು ಮಾಡಿದಿರಿ. ನಮ್ಮ ಕಡೆ ಹೆಂಗಸರು ಸೊಂಟ ನೋವು ಅಂತ ಬರುತ್ತಾರೆ. ಚೀಟಿ ಬರೆಸಿಕೊಂಡು ಎದ್ದು, ಬಾಗಿಲ ಹತ್ತಿರ ಹೋಗಿ, ಸೆರಗಿನ ಚುಂಗು ತಿರುವುತ್ತಾ ‘ಇನ್ನೊಂದು ಕೇಳೋದಿತ್ರೀ’ ಅನ್ನುತ್ತಾರೆ. ಆ ಇನ್ನೊಂದು ಎಷ್ಟೋ ಸಲ ಇದೇ ಆಗಿರುತ್ತದೆ.

ಮಗಳು ನೋಡಿದ್ದು ಪೂರ್ತಿ ಸುಳ್ಳಲ್ಲ. ಜೋಳದ ರೊಟ್ಟಿ, ಪುಂಡಿ ಪಲ್ಯದ ನಾರು ನಮಗೆ ಅರಗುವುದಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅದನ್ನು ಹುಳಿ ಬರಿಸಿ ಬ್ಯುಟಿರೇಟ್ ಎಂಬ ಆಮ್ಲ ಮಾಡುತ್ತವೆ. ಕರುಳಿನ ಒಳಪದರಕ್ಕೆ ಅದೇ ಊಟ. ಈ ಲೆಕ್ಕ ತಪ್ಪಿದರೆ ಗ್ಯಾಸ್ ಜಾಸ್ತಿ ಆಗಬಹುದು, ಮಲ ತೆಳುವಾಗಬಹುದು. ಹೀಗೆ ಸೋರುವ ಹೆಂಗಸರ ಬ್ಯಾಕ್ಟೀರಿಯಾ ಬೇರೆಯವರಿಗಿಂತ ಬೇರೆ ಇವೆಯೇ ಎಂದು ಸಂಶೋಧಕರು ಹುಡುಕುತ್ತಿದ್ದಾರೆ. ಆದರೆ ಬೇರೆ ಇದ್ದ ಮಾತ್ರಕ್ಕೆ ಕಾರಣ ಅದೇ ಎನ್ನಲಾಗದು. ಭೇದಿಯಿಂದ, ಊಟದಿಂದ, ಗುಳಿಗೆಯಿಂದಲೂ ಅವು ಬದಲಾಗುತ್ತವೆ. ಕ್ಯಾಪ್ಸೂಲ್‌ನಿಂದ ಸೋರುವುದು ನಿಲ್ಲುತ್ತದೆ ಎಂಬುದಕ್ಕೆ ಗಟ್ಟಿ ಆಧಾರ ಇಲ್ಲ. ಆ ದುಡ್ಡು ಉಳಿಸಿ.

ನನ್ನ ಕಣ್ಣಿಗೆ ಬಿದ್ದದ್ದು ನೀವು ಹೇಳಿದ ಇಕ್ಕಳ. ಆಗ ಗುದದ್ವಾರದ ಸುತ್ತಲಿನ ಸ್ನಾಯುವಿನ ಉಂಗುರ ಹರಿದಿರಬಹುದು. ಹರೆಯದಲ್ಲಿ ಉಳಿದ ಸ್ನಾಯು ಹೇಗೋ ಸಂಭಾಳಿಸುತ್ತದೆ. ಮುಟ್ಟು ನಿಲ್ಲುವ ವಯಸ್ಸಿಗೆ ಅದೂ ಸೋಲಬಹುದು. ಇನ್ನೊಂದು ಮೆಟ್‌ಫಾರ್ಮಿನ್. ಕೆಲವರಿಗೆ ಅದು ಮಲ ತೆಳು ಮಾಡುತ್ತದೆ, ಬ್ಯಾಕ್ಟೀರಿಯಾವನ್ನೂ ಬದಲಿಸುತ್ತದೆ. ಹಿಡಿತ ಸಡಿಲ, ಮಲ ತೆಳು. ಎರಡೂ ಸೇರಿದರೆ ಕೆಸರಿನಿಂದ ಕಾಲು ಕಿತ್ತು ಬದುವಿಗೆ ಬರುವಷ್ಟರಲ್ಲೇ ಆಗಿಬಿಡುತ್ತದೆ, ಅಲ್ವಾ? ಹಾಗಂತ ಗುಳಿಗೆ ಸುಮ್ನೆ ಬಿಡಬೇಡಿ. ಬರೆದುಕೊಟ್ಟ ಡಾಕ್ಟರಿಗೆ ಹೇಳಿ. ನಿಧಾನವಾಗಿ ಕರಗುವ ಮೆಟ್‌ಫಾರ್ಮಿನ್ ಇದೆ, ಅದರಲ್ಲಿ ಈ ಕಾಟ ಕಡಿಮೆ.

ರಾತ್ರಿ ಒಂದು ಚಮಚ ಇಸಬ್‌ಗೋಲ್ ಒಂದು ಲೋಟ ನೀರಿನಲ್ಲಿ ಕುಡಿಯಿರಿ. ಮಲ ಗಟ್ಟಿಯಾಗುತ್ತದೆ. ನಾಟಿಯ ದಿನ ಬೆಳಿಗ್ಗೆ ಮಿರ್ಚಿ, ಮೇಲಿಂದ ಮೇಲೆ ಚಹಾ ಬೇಡ. ಗ್ಯಾಸ್ ತಡೆಯುವ ಹಾಗೆ ಗುದವನ್ನು ಬಿಗಿಹಿಡಿದು ಐದು ಎಣಿಸಿ, ಬಿಡಿ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಫಲ ಕಾಣಲು ತಿಂಗಳುಗಳೇ ಬೇಕು.

ಸ್ನಾಯು ಹರಿದಿದೆಯೇ ಎಂದು ಬೆರಳಿನಿಂದ, ಸ್ಕ್ಯಾನಿಂಗ್‌ನಿಂದ ನೋಡುತ್ತಾರೆ. ಬೇಕಾದರೆ ಹೊಲಿಯುತ್ತಾರೆ. ರಾಯಚೂರಿನ ಸರ್ಕಾರಿ ಆಸ್ಪತ್ರೆ ರಿಮ್ಸ್‌ನಲ್ಲಿ ಸ್ತ್ರೀರೋಗ ವಿಭಾಗಕ್ಕೆ ಹೋಗಿ. ರಕ್ತ ಬಿದ್ದರೆ, ತೂಕ ಇಳಿದರೆ, ಕಾಲು ಜೋಮು ಹಿಡಿದರೆ ಅವತ್ತೇ ಹೊರಡಿ. ಹಳೆಯ ಹೆರಿಗೆ ಕಾಗದ ಸಿಕ್ಕರೆ ಒಯ್ಯಿರಿ, ಮಗಳನ್ನೂ ಕರೆದುಕೊಂಡು ಹೋಗಿ. ಒಳಗೆ ಕೂತ ತಕ್ಷಣ ಮೊದಲ ಮಾತೇ ಇದನ್ನು ಹೇಳಿ, ಬಾಗಿಲ ತನಕ ಕಾಯಬೇಡಿ.