ಅಮ್ಮನ ಬಗ್ಗೆ ಹತ್ತು ನಿಮಿಷ ಏನು ಮಾತಾಡಲಿ?

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ನೋವಿನವು. ಅಮೆರಿಕಕ್ಕೆ ಹೋಗಿ ಅಲ್ಲೇ ಬದುಕಿ, ಅಲ್ಲೇ ಕಣ್ಣು ಮುಚ್ಚಿದ ಅಮ್ಮ, ದೊಡ್ಡಮ್ಮ, ಅಜ್ಜಿಯ ಬಗ್ಗೆ ಬರೆದಿದ್ದಾರೆ. ಉಳಿದ ಪ್ರಶ್ನೆಗಳು ಮುಂದಿನ ಸಂಚಿಕೆಗೆ ಇರಲಿ.

ಪ್ರಶ್ನೆ: ನಮ್ಮಮ್ಮ ಹೋದ ತಿಂಗಳು ತೀರಿಕೊಂಡರು. ಹಾಸನದ ಕಡೆಯವರು. 1972ರಲ್ಲಿ ಮದುವೆಯಾಗಿ ಆರು ತಿಂಗಳಿಗೆ ಇಲ್ಲಿಗೆ ಬಂದರು. ಒಂದು ಬ್ಯಾಂಕಿನಲ್ಲಿ ಚೆಕ್ ವಿಂಗಡಿಸುವ ಕೆಲಸ 20 ವರ್ಷ ಮಾಡಿದರು, ನಾಲ್ಕು ಮೊಮ್ಮಕ್ಕಳನ್ನು ಸಾಕಿದರು. ಸ್ನೇಹಿತರೆಲ್ಲ ಸೇರಿ ಒಂದು ಸಭೆ ಇಟ್ಟುಕೊಂಡಿದ್ದಾರೆ, ನಾನು ಹತ್ತು ನಿಮಿಷ ಮಾತಾಡಬೇಕು. ಬರೆಯಲು ಕೂತರೆ ತ್ಯಾಗಮಯಿ, ಅನ್ನಪೂರ್ಣೆ ಅಂತಲೇ ಬರುತ್ತದೆ. ಓದಿದರೆ ಅದರಲ್ಲಿ ಅಮ್ಮ ಕಾಣುವುದಿಲ್ಲ. ಏನು ಹೇಳಲಿ?
- ಓದುಗರು, ನ್ಯೂಜೆರ್ಸಿ

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆ ಮುಗಿದ ಮೇಲೆ, ಸಹಿಯ ಕೆಳಗೆ, ಇನ್ನೊಂದು ಮಾತು ಬರೆದಿದ್ದೀರಿ. ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಉಬ್ಬಲಿ ಅಂತ ಅಮ್ಮ ಪಾತ್ರೆಯನ್ನು ಅವನ್ ಒಳಗಿಟ್ಟು ಬರೀ ಲೈಟ್ ಹಾಕಿಡುತ್ತಿದ್ದರು, ಗೊತ್ತಿಲ್ಲದೆ ಯಾರಾದರೂ ಅವನ್ ಉರಿಸಿಬಿಟ್ಟಾರು ಅಂತ ಅದರ ಹಿಡಿಕೆಗೆ ಹಳೇ ರವಿಕೆಯ ಬಟ್ಟೆಯೊಂದನ್ನು ಕಟ್ಟುತ್ತಿದ್ದರು ಅಂತ. ಆ ಬಟ್ಟೆ ಕಂಡರೆ ಮನೆಯಲ್ಲಿ ಯಾರೂ ಅವನ್ ಮುಟ್ಟುತ್ತಿರಲಿಲ್ಲವಂತೆ. ಅಲ್ಲಿಂದಲೇ ಶುರು ಮಾಡಿ. ಸಭೆಯಲ್ಲಿರುವ ಅರ್ಧ ಜನ ಹೆಂಗಸರು ಹೌದು ಹೌದು ಅಂತ ತಲೆಯಾಡಿಸುತ್ತಾರೆ ನೋಡಿ.

ತ್ಯಾಗಮಯಿ ಅನ್ನೋ ಮಾತು ನನಗೂ ಇಷ್ಟ ಇಲ್ಲ. ಕಷ್ಟಪಟ್ಟಿಲ್ಲ ಅಂತ ಅಲ್ಲ, ಬೇಕಾದಷ್ಟು ಪಟ್ಟಿದ್ದಾರೆ. ಆದರೆ ಆ ಪದ ಹಾಕಿದ ಕೂಡಲೇ ಆ ಹೆಂಗಸಿಗೆ ತನ್ನದೇ ಒಂದು ಆಸೆ ಇತ್ತು, ಹಟ ಇತ್ತು, ಅಲ್ಲಿ ಖುಷಿಯೂ ಸಿಕ್ಕಿತ್ತು ಅನ್ನೋದು ಮರೆತೇ ಹೋಗುತ್ತದೆ. ನಿಮ್ಮಮ್ಮ ಮೊದಲ ಸಂಬಳದಲ್ಲಿ ಏನು ಕೊಂಡರು? ಕಾರು ಓಡಿಸಲು ಯಾರು ಕಲಿಸಿದರು? ಇಪ್ಪತ್ತೆರಡು ವರ್ಷದ ಹುಡುಗಿ ಸೀರೆ ಮೇಲೆ ಕೋಟು ಹಾಕಿಕೊಂಡು, ಹಿಮದಲ್ಲಿ ಬಸ್ಸಿಗೆ ಕಾದು, ಗೊತ್ತಿಲ್ಲದ ಊರಲ್ಲಿ ಕೆಲಸ ಹುಡುಕಿಕೊಂಡಳು ಅಂದರೆ ಅದರಲ್ಲಿ ಧೈರ್ಯ ಎಷ್ಟಿತ್ತು ಅಂತ ಮೊಮ್ಮಕ್ಕಳಿಗೆ ತಿಳಿಯಬೇಕು ಅಲ್ವಾ?

ಮೊಮ್ಮಕ್ಕಳಿಗೆ ಆ ಕಾಲವನ್ನೂ ಸ್ವಲ್ಪ ಹೇಳಿ. 1946ರ ಕಾನೂನಿನಂತೆ ಅಲ್ಲಿ ಹೋಗಿ ನೆಲೆಸಲು ಅಮೆರಿಕ ಇಡೀ ಭಾರತಕ್ಕೆ ಕೊಟ್ಟಿದ್ದು ವರ್ಷಕ್ಕೆ 100 ಜನರ ಲೆಕ್ಕ. 1965ರಲ್ಲಿ ಹೊಸ ಕಾನೂನು ಬಂದ ಮೇಲೇ ನಮ್ಮ ಕಡೆಯ ಡಾಕ್ಟರು, ಇಂಜಿನಿಯರುಗಳು ಹೋಗಿ ನೆಲೆ ನಿಂತದ್ದು, ಅವರ ಜೊತೆ ನಿಮ್ಮಮ್ಮನಂಥ ಹೊಸ ಮದುಮಕ್ಕಳು.

ನನ್ನ ಚಿಕ್ಕಮ್ಮ 1974ರಲ್ಲಿ ಡೆಟ್ರಾಯಿಟ್‌ಗೆ ಹೋದರು. ಆಗ ನಾನು ಚಿಕ್ಕವಳು. ಅವರಿಂದ ಬರುತ್ತಿದ್ದ ನೀಲಿ ಏರೋಗ್ರಾಮ್‌ನಲ್ಲಿ ಅಂಟು ಹಚ್ಚುವ ಅಂಚೊಂದನ್ನು ಬಿಟ್ಟು ಎಲ್ಲ ಕಡೆ ಅಕ್ಷರ. ಕೊನೆಕೊನೆಗೆ ಅಕ್ಷರ ಸಾಸಿವೆ ಕಾಳಿನಷ್ಟು ಆಗುತ್ತಿತ್ತು. ಕ್ರೀಮ್ ಆಫ್ ವೀಟ್ ಅನ್ನೋ ಡಬ್ಬದ ರವೆಯಲ್ಲಿ ಉಪ್ಪಿಟ್ಟು ಮಾಡಿದೆ, ಬಿಸ್ಕ್ವಿಕ್ ಅನ್ನೋ ಹಿಟ್ಟಲ್ಲಿ ಜಾಮೂನು ಮಾಡಿದೆ, ಒಡೆಯಲಿಲ್ಲ ಅಂತ ಬರೆದಿದ್ದರು. ಅಮ್ಮ ಅದನ್ನು ಜೋರಾಗಿ ಓದಿ, ಅಜ್ಜಿ ಇನ್ನೊಂದು ಸಲ ಓದು ಅನ್ನೋರು. ಈಗ ಎಲ್ಲ ಸಿಗುತ್ತದೆ. ಆಗ ಷಿಕಾಗೋದ ಡೆವನ್ ಅವೆನ್ಯೂನಲ್ಲಿ ಪಟೇಲ್ ಬ್ರದರ್ಸ್ ಅಂಗಡಿ ಶುರುವಾದದ್ದೇ 1974ರಲ್ಲಿ. ನ್ಯೂಯಾರ್ಕಿನ ಫ್ಲಶಿಂಗ್‌ನಲ್ಲಿ ಗಣೇಶನ ದೇವಸ್ಥಾನದ ಪ್ರತಿಷ್ಠೆ ಆದದ್ದು 1977ರ ಜುಲೈ 4ರಂದು, ಅಂದರೆ ನಿಮ್ಮಮ್ಮ ಬಂದು ಐದು ವರ್ಷದ ಹೊತ್ತಿಗೆ. ಅಲ್ಲಿವರೆಗೆ ಗೌರಿ ಹಬ್ಬಕ್ಕೆ ಬಾಗಿನ ಯಾರಿಗೆ ಕೊಟ್ಟರು? ಮೊರ ಎಲ್ಲಿಂದ ತಂದರು?

ಇಂಥದ್ದನ್ನೇ ಕೇಳಿ. ಅಮ್ಮನ ಜೊತೆಯವರು ಮೂರು ನಾಲ್ಕು ಜನ ಇದ್ದಾರೆ ಅಂದಿದ್ದೀರಿ, ಅವರಿಗೂ ವಯಸ್ಸು ಎಪ್ಪತ್ತು ದಾಟಿದೆ. ಈ ವಾರವೇ ಫೋನ್ ಮಾಡಿ. ಅಮ್ಮ ಹೇಗಿದ್ದರು ಅಂತ ಕೇಳಿದರೆ ತುಂಬಾ ಒಳ್ಳೆಯವರು ಅಂತಾರೆ, ಅಲ್ಲಿಗೆ ಮುಗಿಯಿತು. ನೀವು ಹುಟ್ಟಿದಾಗ ಬಾಣಂತನ ಯಾರು ಮಾಡಿದರು ಅಂತ ಕೇಳಿ. ಮೊದಲ ಚಳಿಗಾಲದ ಕೋಟು ಯಾರದು ಅಂತ ಕೇಳಿ. ಊರಿಂದ ಸಾವಿನ ಸುದ್ದಿ ಬಂದ ದಿನ ಅಮ್ಮನ ಪಕ್ಕ ಯಾರಿದ್ದರು ಅಂತ ಕೇಳಿ. ಈ ಕೊನೆಯದು ಕೇಳಲು ಕಷ್ಟ, ಆದರೂ ಕೇಳಿ. ನಮ್ಮ ತಾತ ಹೋದಾಗ ಚಿಕ್ಕಮ್ಮನಿಗೆ ಟೆಲಿಗ್ರಾಂ ಕೊಟ್ಟೆವು, ಟಿಕೆಟ್‌ಗೆ ಅಷ್ಟು ದುಡ್ಡು ಹೊಂದಿಸಲು ಅವರಿಗೆ ಆಗಲಿಲ್ಲ. ಬಂದದ್ದು ಎರಡು ವರ್ಷ ಆದ ಮೇಲೆ. ಬಂದವರೇ ಚಪ್ಪಲಿ ಬಿಟ್ಟು ನೇರ ಜಗುಲಿಗೆ ಹೋಗಿ ತಾತನ ಆರಾಮ ಕುರ್ಚಿ ಪಕ್ಕ ನೆಲದ ಮೇಲೆ ಕೂತು, ಅದರ ಕೈ ಮೇಲೆ ತಮ್ಮ ಕೈ ಇಟ್ಟುಕೊಂಡರು. ಕಾಫಿ ಕೊಟ್ಟರೂ ಏಳಲಿಲ್ಲ. ಚಿಕ್ಕಮ್ಮ ಅಂದರೆ ನನಗೆ ಇವತ್ತಿಗೂ ಮೊದಲು ನೆನಪಾಗೋದು ಆ ಕೈ.

ಅಮ್ಮನಿಗೆ ಸಿಟ್ಟು ಜಾಸ್ತಿ ಇತ್ತು ಅಂದರೆ ಅದನ್ನೂ ಹೇಳಿ. ಹತ್ತು ನಿಮಿಷ ಪೂರ್ತಿ ತುಂಬಿಸಬೇಕು ಅಂತೇನೂ ಇಲ್ಲ. ಗಂಟಲು ಕಟ್ಟಿದರೆ ನಿಲ್ಲಿಸಿ, ನೀರು ಕುಡಿಯಿರಿ, ಎಲ್ಲರೂ ಕಾಯುತ್ತಾರೆ.

ಪ್ರಶ್ನೆ: ನಮ್ಮ ದೊಡ್ಡಮ್ಮ ಟೆಕ್ಸಾಸ್‌ನಲ್ಲಿ ಹೋದರು. ಅಸ್ಥಿ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲೇ ಬಿಡಬೇಕು ಅಂತ ಹೇಳಿದ್ದರಂತೆ. ಅಣ್ಣ ತರುತ್ತಾನೆ. ಏನು ಎಚ್ಚರ ಬೇಕು?
- ಓದುಗರು, ಮೈಸೂರು

ಉತ್ತರ: ತಾಮ್ರದ್ದೋ ಹಿತ್ತಾಳೆಯದ್ದೋ ಬಿಂದಿಗೆಯಲ್ಲಿ ತರುವುದು ಬೇಡ. ಅಲ್ಲಿನ ವಿಮಾನ ನಿಲ್ದಾಣದ ತಪಾಸಣೆಯವರು ಅಸ್ಥಿ ಇರುವ ಡಬ್ಬವನ್ನು ತೆರೆದು ನೋಡುವುದಿಲ್ಲ, ಎಕ್ಸ್‌ರೇಯಲ್ಲಿ ಒಳಗಿನದು ಕಾಣಬೇಕು, ಕಾಣದಿದ್ದರೆ ಒಳಗೆ ಬಿಡುವುದಿಲ್ಲ. ಮರದ್ದು ಅಥವಾ ಪ್ಲಾಸ್ಟಿಕ್‌ನದು ಆಗಬಹುದು. ಬಿಂದಿಗೆಯನ್ನು ನೀವೇ ಮೈಸೂರಲ್ಲಿ ತೆಗೆದಿಡಿ. ಮರಣ ಪ್ರಮಾಣಪತ್ರ, ದಹನದ ಪ್ರಮಾಣಪತ್ರ ಎರಡೂ ಕೈಚೀಲದಲ್ಲಿರಲಿ. ಭಾರತದ ಕಾನ್ಸುಲೇಟ್ ಮತ್ತು ವಿಮಾನದ ಕಂಪನಿ, ಇಬ್ಬರನ್ನೂ ಟಿಕೆಟ್ ಮಾಡುವ ಮೊದಲೇ ವಿಚಾರಿಸಲಿ. ಇನ್ನೊಂದು, ಅಣ್ಣ ಇಳಿದ ದಿನವೇ ನದಿಗೆ ಓಡಬೇಡಿ. ದೊಡ್ಡಮ್ಮ ಹುಟ್ಟಿದ ಮನೆ ಇನ್ನೂ ಇದೆ ಅಂದಿದ್ದೀರಲ್ಲ, ಅವನನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿ. ಅವನು ಅದನ್ನು ನೋಡಿರೋದು ಫೋಟೋದಲ್ಲಿ ಮಾತ್ರ.

ಪ್ರಶ್ನೆ: ನಮ್ಮ ಅತ್ತೆಗೆ ಮರೆವಿನ ಕಾಯಿಲೆ ಇತ್ತು. ನಲವತ್ತು ವರ್ಷ ಇಂಗ್ಲಿಷಲ್ಲಿ ಸಲೀಸಾಗಿ ವ್ಯವಹಾರ ಮಾಡಿದವರು, ಕೊನೆಯ ಎರಡು ವರ್ಷ ಬರೀ ಕನ್ನಡ. ನನ್ನ ಮಗಳಿಗೆ ಕನ್ನಡ ಬರುವುದಿಲ್ಲ. ಅಜ್ಜಿ ಏನೋ ಹೇಳುತ್ತಿದ್ದರು, ನನಗೆ ಒಂದೂ ಅರ್ಥ ಆಗಲಿಲ್ಲ ಅಂತ ಈಗ ಅಳುತ್ತಾಳೆ. ಅಜ್ಜಿ ಕಳಿಸಿದ ಧ್ವನಿ ಸಂದೇಶಗಳು ಅವಳ ಫೋನಲ್ಲಿವೆ, ಕೇಳಲು ನನಗೇ ಧೈರ್ಯ ಇಲ್ಲ.
- ಓದುಗರು, ಹ್ಯೂಸ್ಟನ್

ಉತ್ತರ: ಮೊದಲು ಮಗಳಿಗೆ ಇದನ್ನು ಹೇಳಿ. ಈ ಕಾಯಿಲೆಯಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಜಾರಿಹೋಗಿ, ತೊಟ್ಟಿಲಲ್ಲಿ ಕೇಳಿದ ಭಾಷೆ ಉಳಿಯುವುದು ಎಷ್ಟೋ ಜನರಲ್ಲಿ ಆಗುತ್ತದೆ. ಅಜ್ಜಿ ಅವಳನ್ನು ದೂರ ಮಾಡಲಿಲ್ಲ, ಅವಳದೂ ತಪ್ಪಿಲ್ಲ. ಅಜ್ಜಿಯ ಜಡೆ ದಿನಾ ಅವಳೇ ಹೆಣೆಯುತ್ತಿದ್ದಳು ಅಂತ ಬರೆದಿದ್ದೀರಿ. ಅದಕ್ಕೆ ಭಾಷೆ ಬೇಕಾಗಿರಲಿಲ್ಲ.

ಆಮೇಲೆ ಆ ಸಂದೇಶಗಳನ್ನು ಫೋನಿಂದ ತೆಗೆದು ಬೇರೆ ಎರಡು ಕಡೆ ಉಳಿಸಿಡಿ. ಫೋನ್ ಕೆಟ್ಟು ಇಂಥದ್ದನ್ನು ಕಳೆದುಕೊಂಡವರು ನನಗೆ ಎಷ್ಟೋ ಸಲ ಬರೆದಿದ್ದಾರೆ. ಆಮೇಲೆ ಒಂದು ಭಾನುವಾರ ಇಬ್ಬರೂ ಪಕ್ಕಪಕ್ಕ ಕೂತು ಒಂದೇ ಒಂದನ್ನು ಕೇಳಿ, ಎಲ್ಲ ಒಟ್ಟಿಗೆ ಬೇಡ. ನೀವು ಅರ್ಥ ಹೇಳಿ, ಅವಳು ತನ್ನ ಇಂಗ್ಲಿಷಲ್ಲೇ ಬರೆದುಕೊಳ್ಳಲಿ. ಬಹುಶಃ ಅದರಲ್ಲಿ ದೊಡ್ಡ ಮಾತೇನೂ ಇರುವುದಿಲ್ಲ, ಊಟ ಮಾಡಿದ್ಯಾ, ಸ್ವೆಟರ್ ಹಾಕ್ಕೊಂಡ್ಯಾ ಅಂತ ಇರಬಹುದು, ಅಷ್ಟನ್ನೇ ಹೇಳಿ. ಅವಳು ಇಷ್ಟು ದಿನದಿಂದ ಕೇಳುತ್ತಿರೋದು ಅದನ್ನೇ.