ಗಾಡಿ ಪ್ರಶ್ನೋತ್ತರ: ಬೆಳಿಗ್ಗೆ ಹೊತ್ತು ಮಾತ್ರ ಸ್ಟಾರ್ಟ್ ಆಗದ ಹಳೇ ಕಾರು

ಪ್ರಶ್ನೆ: ನಮ್ಮದು 1998ರ ಮಾರುತಿ 800, ಕಾರ್ಬುರೇಟರ್ ಗಾಡಿ. ನಮ್ಮ ಮಾವನವರು ತಗೊಂಡಿದ್ದು, ಈಗ ನಾನೇ ಓಡಿಸ್ತೀನಿ, ದಿನಾ ಪಾಂಡವಪುರದ ಕಡೆ ಸ್ಕೂಲಿಗೆ ಹೋಗ್ಬೇಕು. ದೀಪಾವಳಿ ಕಳೆದ ಮೇಲಿಂದ ಬೆಳಿಗ್ಗೆ ಕೀ ತಿರುಗಿಸಿದ್ರೆ ಒಂದ್ಸಲ ಸ್ಟಾರ್ಟ್ ಆಗತ್ತೆ, ಅರ್ಧ ನಿಮಿಷ ಓಡಿ ಗಪ್ಪಂತ ಆಫ್ ಆಗತ್ತೆ, ಆಮೇಲೆ ಎಷ್ಟು ಸೆಲ್ಫ್ ಹೊಡೆದ್ರೂ ಬೇಗ ಹಿಡಿಯಲ್ಲ. ಭಾನುವಾರ ನಿಲ್ಲಿಸಿ ಸೋಮವಾರ ತೆಗೆಯೋಕೆ ಹೋದ್ರಂತೂ ಆ ಮೊದಲನೇ ಸ್ಟಾರ್ಟೂ ಇಲ್ಲ. ಆದ್ರೆ ಒಂದ್ಸಲ ಓಡಿದ ಮೇಲೆ ಇಡೀ ದಿನ ಅರ್ಧ ಸೆಲ್ಫಿಗೇ ಸ್ಟಾರ್ಟು. ಬ್ಯಾಟರಿ ಹೊಸದು ಹಾಕ್ಸಿದ್ವಿ, ಪ್ಲಗ್ ಬದಲಾಯಿಸಿದ್ವಿ, ಕಾರ್ಬುರೇಟರ್ ಬಿಚ್ಚಿ ಕ್ಲೀನ್ ಮಾಡ್ಸಿದ್ವಿ. ಈಗ ಮೆಕ್ಯಾನಿಕ್ಕು ಇಂಜಿನ್ನೇ ಬಿಚ್ಚಬೇಕು ಅಂತಾರೆ, ಮನೇಲಿ ಮಾರಿಬಿಡು ಅಂತಾರೆ. ಚಳಿಗೆ ಹಿಂಗಾಗತ್ತಾ?
— ಒಬ್ಬರು ಟೀಚರ್, ಮಂಡ್ಯ

ಉತ್ತರ: ಮೇಡಂ, ಇಂಜಿನ್ ಬಿಚ್ಚೋಕೆ ಮಾತ್ರ ಈಗಲೇ ಒಪ್ಪಬೇಡಿ. ನಿಮ್ಮ ಪತ್ರದಲ್ಲೇ ಅರ್ಧ ಉತ್ತರ ಇದೆ, ಆ ಸೋಮವಾರದ ಮಾತು ಬರೆದ್ರಲ್ಲ ಅದೇ ದೊಡ್ಡ ಸುಳಿವು. ಮಂಡ್ಯದಲ್ಲಿ ಡಿಸೆಂಬರ್-ಜನವರಿ ಬೆಳಗಿನ ಚಳಿ ಅಂದ್ರೆ 15-16 ಡಿಗ್ರಿ ಆಸುಪಾಸು, ಅಷ್ಟಕ್ಕೆಲ್ಲ ಸರಿಯಾಗಿರೋ ಪೆಟ್ರೋಲ್ ಗಾಡಿ ನಿಂತುಹೋಗಲ್ಲ, ಅಲ್ಲದೆ ಸೋಮವಾರದ ಚಳಿ ಬೇರೆ ಮಂಗಳವಾರದ ಚಳಿ ಬೇರೆ ಅಂತ ಇಲ್ವಲ್ಲ. ಸೋಮವಾರ ಬೇರೆ ಇರೋದು ಒಂದೇ, ಗಾಡಿ ಜಾಸ್ತಿ ಹೊತ್ತು ನಿಂತಿರತ್ತೆ. ಇಂಜಿನ್ ಸವೆದಿದ್ರೆ ಎಲ್ಲಾ ದಿನವೂ ಒಂದೇ ಥರ ಕಾಟ ಕೊಡೋದು, ಸೈಲೆನ್ಸರಲ್ಲಿ ನೀಲಿ ಹೊಗೆ ಬರೋದು, ಆಯಿಲ್ ಕಮ್ಮಿ ಆಗ್ತಾ ಹೋಗೋದು, ಏರು ಹತ್ತೋವಾಗ ಎಳೆತ ಇರ್ತಿರ್ಲಿಲ್ಲ. ಅದ್ಯಾವುದೂ ನೀವು ಬರೆದಿಲ್ಲ.

ನನ್ನ ಪ್ರಕಾರ ರಾತ್ರಿ ಹೊತ್ತು ಪೆಟ್ರೋಲ್ ಪೈಪಿಂದ ವಾಪಸ್ ಟ್ಯಾಂಕಿಗೆ ಇಳಿದುಹೋಗ್ತಿದೆ. ಹೇಗೆ ಅಂದ್ರೆ, ಟ್ಯಾಂಕ್ ಇರೋದು ಹಿಂದುಗಡೆ, ಕೆಳಗೆ, ಪಂಪ್ ಇರೋದು ಮುಂದೆ ಇಂಜಿನ್ ಮೇಲೆ, ನಿಮ್ಮ ಗಾಡಿದು ಕರೆಂಟ್ ಪಂಪ್ ಅಲ್ಲ, ಇಂಜಿನ್ ತಿರುಗಿದ್ರೆ ಮಾತ್ರ ಎಳೆಯೋ ಪಂಪು. ಪೈಪಲ್ಲಿ ಪೆಟ್ರೋಲ್ ನಿಂತಿರಬೇಕಾದ್ರೆ ಪಂಪಿನ ಒಳಗಿನ ವಾಲ್ವು ಬಿಗಿಯಾಗಿ ಕೂರಬೇಕು, ಹೋಸಲ್ಲಿ ಎಲ್ಲೂ ಗಾಳಿ ಒಳಕ್ಕೆ ಬರಬಾರದು. ಇದ್ರಲ್ಲಿ ಒಂದು ಕೆಟ್ರೂ ಬೆಳಿಗ್ಗೆ ಹೊತ್ತಿಗೆ ಪೈಪು ಖಾಲಿ. ಕಾರ್ಬುರೇಟರ್ ಅಂದ್ರೆ ಪೆಟ್ರೋಲನ್ನ ಗಾಳಿ ಜೊತೆ ಬೆರೆಸಿ ಇಂಜಿನ್ನಿಗೆ ಕೊಡೋ ಭಾಗ, ಅದರ ಬಟ್ಟಲಲ್ಲಿ ಉಳಿದಿರೋ ಪೆಟ್ರೋಲಿಗೆ ಇಂಜಿನ್ ಒಂದ್ಸಲ ಹಿಡೀತದೆ, ಅದು ಮುಗೀತು ಅಂದ್ರೆ ಆಫ್, ಮತ್ತೆ ಸೆಲ್ಫ್ ಹೊಡೆದು ಹೊಡೆದು ಪಂಪು ಅಷ್ಟು ದೂರದಿಂದ ಎಳ್ಕೊಂಡು ಬರಬೇಕು, ಸೆಲ್ಫಲ್ಲಿ ಇಂಜಿನ್ ತಿರುಗೋದೇ ನಿಧಾನ, ಹಂಗಾಗಿ ಪಂಪೂ ನಿಧಾನ. ಭಾನುವಾರ ಪೂರ್ತಿ ನಿಂತ್ರೆ ಬಟ್ಟಲಲ್ಲಿರೋದೂ ಆವಿಯಾಗಿ ಹೋಗತ್ತೆ, ಅದಕ್ಕೇ ಸೋಮವಾರ ಮೊದಲನೇ ಸ್ಟಾರ್ಟೂ ಇಲ್ಲ. ಅಷ್ಟು ಹೊತ್ತು ಸೆಲ್ಫ್ ಹೊಡೆದ್ರೆ ಎಂಥಾ ಬ್ಯಾಟರಿನೂ ಸೊರಗತ್ತೆ, ಬ್ಯಾಟರಿ ಇಳಿದಾಗ ಪ್ಲಗ್ಗಿಗೆ ಕಿಡಿನೂ ಕಮ್ಮಿ, ನೋಡಿದವರು ಬ್ಯಾಟರಿ ಹೋಗಿದೆ ಅಂತಾರೆ. ನಿಮ್ಮ ಹಳೇ ಬ್ಯಾಟರಿ ಪಾಪ ಏನೂ ಮಾಡಿರಲಿಲ್ಲ ಅನ್ಸತ್ತೆ.

ಇದನ್ನ ನೀವೇ ನೋಡ್ಬೋದು, ಖರ್ಚಿಲ್ಲ. ಬಾನೆಟ್ ಎತ್ತಿದ್ರೆ ಪೆಟ್ರೋಲ್ ಹೋಸ್ ಮಧ್ಯೆ ಒಂದು ಚಿಕ್ಕ ಪ್ಲಾಸ್ಟಿಕ್ ಫಿಲ್ಟರ್ ಇರತ್ತೆ, ಒಳಗೆ ಕಾಣೋ ಥರದ್ದು, ಹಳದಿ ಹತ್ತಿದ್ರೂ ಟಾರ್ಚ್ ಬಿಟ್ರೆ ಪೆಟ್ರೋಲ್ ಎಲ್ಲಿವರೆಗೆ ಇದೆ ಅಂತ ಗೀಟು ಕಾಣತ್ತೆ. ಸಂಜೆ ಗಾಡಿ ನಿಲ್ಲಿಸಿದ ಕೂಡ್ಲೇ ನೋಡಿ, ಮೊಬೈಲಲ್ಲಿ ಫೋಟೋ ಹೊಡ್ಕೊಳಿ, ಬೆಳಿಗ್ಗೆ ಕೀ ಮುಟ್ಟೋಕೆ ಮುಂಚೆ ಮತ್ತೆ ನೋಡಿ. ಸಂಜೆ ತುಂಬಿದ್ದು ಬೆಳಿಗ್ಗೆ ಒಣಗಿದ್ರೆ ಕೇಸು ಮುಗೀತು. ಇನ್ನೊಂದು, ಯಾರನ್ನಾದ್ರೂ ಜೊತೆಗೆ ಕರ್ಕೊಂಡು ಏರ್ ಕ್ಲೀನರ್ ಮುಚ್ಚಳ ತೆಗೆಸಿ, ಇಂಜಿನ್ ಆಫಲ್ಲೇ ಇರ್ಲಿ, ಆಕ್ಸಿಲರೇಟರ್ ಒಂದ್ಸಲ ಒತ್ತಿದ್ರೆ ಕಾರ್ಬುರೇಟರ್ ಬಾಯೊಳಗೆ ಸಣ್ಣಗೆ ಪಿಚಕಾರಿ ಥರ ಪೆಟ್ರೋಲ್ ಚಿಮ್ಮಬೇಕು. ಸೋಮವಾರ ಬೆಳಿಗ್ಗೆ ಚಿಮ್ಮಲಿಲ್ಲ ಅಂದ್ರೆ ಬಟ್ಟಲು ಖಾಲಿ ಅಂತಲೇ ಅರ್ಥ. ಆಗಲೇ ಇನ್ನೊಬ್ಬರಿಗೆ ಚೋಕ್ (ತಣ್ಣಗಿರೋ ಇಂಜಿನ್ನಿಗೆ ಗಾಳಿ ಕಮ್ಮಿ ಮಾಡೋ ಗುಂಡಿ) ಎಳೆಯೋಕೆ ಹೇಳಿ, ಒಳಗಿನ ತಗಡಿನ ಮುಚ್ಚಳ ಪೂರ್ತಿ ಮುಚ್ಕೋಬೇಕು, ಕೇಬಲ್ ಸ್ಕ್ರೂ ಜಾರಿ ಅರ್ಧಕ್ಕೇ ನಿಂತಿರೋದು ಈ ಗಾಡಿಗಳಲ್ಲಿ ಮಾಮೂಲು, ಕಾರ್ಬುರೇಟರ್ ಬಿಚ್ಚಿ ಜೋಡಿಸಿದ ಮೇಲಂತೂ ಇದನ್ನ ನೋಡಲೇಬೇಕು. ಆದ್ರೆ ಒಂದು, ಆ ಬಾಯಿಗೆ ಬಾಟ್ಲಿಂದ ಪೆಟ್ರೋಲ್ ಹುಯ್ದು ಸ್ಟಾರ್ಟ್ ಮಾಡೋಕೆ ಯಾರಿಗೂ ಬಿಡಬೇಡಿ. ಬ್ಯಾಕ್‌ಫೈರ್ ಆದ್ರೆ ಬೆಂಕಿ ನೇರ ಮುಖಕ್ಕೇ ಬರತ್ತೆ.

ಫಿಲ್ಟರ್ ಖಾಲಿ ಅಂತ ಗೊತ್ತಾದ್ರೆ ಟ್ಯಾಂಕಿಂದ ಪಂಪಿನವರೆಗೂ ಇರೋ ರಬ್ಬರ್ ಹೋಸುಗಳನ್ನೆಲ್ಲ ಕ್ಲಿಪ್ ಸಮೇತ ಬದಲಾಯಿಸಿ. 'ಎಲ್ಲೂ ಲೀಕೇ ಇಲ್ಲ, ಪೆಟ್ರೋಲ್ ವಾಸನೇನೂ ಇಲ್ಲ' ಅಂತ ಮೆಕ್ಯಾನಿಕ್ ಹೇಳ್ಬೋದು. ಈ ಭಾಗದಲ್ಲಿ ಪೆಟ್ರೋಲ್ ಹೊರಗೆ ತೊಟ್ಟಿಕ್ಕಲ್ಲ ಮೇಡಂ, ಪಂಪು ಎಳೆಯೋ ಕಡೆ ಇದು, ಬಿರುಕಿದ್ರೆ ಗಾಳಿ ಒಳಕ್ಕೆ ಹೋಗತ್ತೆ ಅಷ್ಟೇ. ಹೋಸನ್ನ ಬಿಚ್ಚಿ ಬಗ್ಗಿಸಿ ನೋಡಿದ್ರೆ ಮಾತ್ರ ಬಿರುಕು ಬಾಯಿ ಬಿಡೋದು, ಹಂಗೇ ಮೇಲಿಂದ ನೋಡಿದ್ರೆ ನುಣ್ಣಗೇ ಕಾಣತ್ತೆ. ಹೋಸ್ ಹಾಕ್ಸಿದ ಮೇಲೂ ಫಿಲ್ಟರ್ ಒಣಗ್ತಿದ್ರೆ ಆಗ ಪಂಪು. ಕ್ರಮ ಹಿಂದುಮುಂದು ಮಾಡ್ಬೇಡಿ, ಹೋಸು ಅಗ್ಗ.

ಹೋಸ್ ತಗೊಳ್ಳೋವಾಗ ಎಥನಾಲ್ ಪೆಟ್ರೋಲಿಗೆ ಆಗೋದೇ ಬೇಕು ಅಂತ ಕೇಳಿ. ಈಗ ಬಂಕಲ್ಲಿ ಸಿಗೋ ಪೆಟ್ರೋಲಲ್ಲಿ ಶೇ. 20ರವರೆಗೂ ಎಥನಾಲ್ ಇರತ್ತೆ, ಕಬ್ಬಿನ ಕಾಕಂಬಿಯಿಂದಲೂ ಅದನ್ನ ತೆಗೀತಾರೆ ಅಂತ ಮಂಡ್ಯದೋರಿಗೆ ನಾನು ಹೇಳ್ಬೇಕಿಲ್ಲ. ಕಬ್ಬು ಬೆಳೆಯೋರಿಗೆ ಅದರಿಂದ ನಾಕು ಕಾಸು ಸಿಗೋದಾದ್ರೆ ನನಗೂ ಸಂತೋಷನೇ, ಆದ್ರೆ 1998ರಲ್ಲಿ ಈ ಗಾಡಿಗೆ ರಬ್ಬರ್ ಹಾಕಿದೋರು ಇಷ್ಟು ಎಥನಾಲ್ ಲೆಕ್ಕ ಇಟ್ಕೊಂಡಿರಲಿಲ್ಲ, ಹಳೇ ಹೋಸು, ಪಂಪಿನ ಡಯಾಫ್ರಾಮು (ಒಳಗಿನ ರಬ್ಬರ್ ಪದರ) ಬೇಗ ಗಟ್ಟಿಯಾಗಿಯೋ ಊದಿಯೋ ಹಾಳಾಗ್ತವೆ. ಜೊತೆಗೆ ಎಥನಾಲ್ ಆವಿಯಾಗೋಕೆ ಪೆಟ್ರೋಲಿಗಿಂತ ಎರಡು ಪಟ್ಟು ಜಾಸ್ತಿ ಶಾಖ ಬೇಕು, ತಣ್ಣಗಿರೋ ಇಂಜಿನ್ನಲ್ಲಿ ಅಷ್ಟು ಶಾಖ ಎಲ್ಲಿಂದ ಬರಬೇಕು, ಹಂಗಾಗಿ ಬೇಸಿಗೇಲಿ ಹೆಂಗೋ ನಡ್ಕೊಂಡು ಹೋಗ್ತಿದ್ದ ಸಣ್ಣ ತೊಂದರೆ ದೀಪಾವಳಿ ಕಳೆದ ಮೇಲೆ ಎದ್ದು ಕಾಣತ್ತೆ.

ಇನ್ನು ನಿಮ್ಮ ಮೆಕ್ಯಾನಿಕ್ ಬಗ್ಗೆ. ಅವರು ಸುಳ್ಳು ಹೇಳ್ತಿದ್ದಾರೆ ಅಂತ ನಾನು ಅಂದ್ಕೊಳಲ್ಲ, ನೀವು ಗ್ಯಾರೇಜಿಗೆ ಹೋಗೋದು ಹತ್ತು ಗಂಟೆ ಮೇಲೆ, ಆಗ ಗಾಡಿ ಬಿಸಿ, ಪೈಪು ತುಂಬಿದೆ, ಅವರ ಕಣ್ಣಿಗೆ ರೋಗವೇ ಬೀಳಲ್ಲ. ಶನಿವಾರ ಸಂಜೆ ಗಾಡಿ ಅಲ್ಲೇ ಬಿಡಿ, ಸೋಮವಾರ ಬೆಳಿಗ್ಗೆ ಅವರೇ ಮೊದಲನೇ ಸೆಲ್ಫ್ ಹೊಡೀಲಿ, ಅದಕ್ಕೆ ಮುಂಚೆ ಯಾರೂ ಮುಟ್ಟಬಾರದು ಅಂತ ಖಡಾಖಂಡಿತ ಹೇಳಿಬನ್ನಿ. ಹಿಡೀಲಿಲ್ಲ ಅಂದ್ರೆ ತಕ್ಷಣ ಒಂದು ಪ್ಲಗ್ ಬಿಚ್ಚಿ ನೋಡ್ಲಿ, ಒಣಗಿದ್ರೆ ಪೆಟ್ರೋಲ್ ಬರ್ತಿಲ್ಲ, ಒದ್ದೆಯಾಗಿ ಪೆಟ್ರೋಲ್ ವಾಸನೆ ಹೊಡೆದ್ರೆ ಆಗ ನಾನು ಹೇಳಿದ್ದು ಬಿಟ್ಟು ಕಿಡಿ ಕಡೆ ಹೋಗಬೇಕು. ಕಿಡಿ ಕಡೆ ಹೋದ್ರೆ ಮೊದಲು ಬ್ಯಾಟರಿ ನೆಗೆಟಿವಿಂದ ಬಾಡಿಗೆ, ಗೇರ್‌ಬಾಕ್ಸಿಗೆ ಹೋಗೋ ಅರ್ತ್ ವೈರು, ತುಕ್ಕು ಉಜ್ಜಿ ಬಿಗಿ ಮಾಡೋದು. ಸೆಲ್ಫ್ ಹೊಡೆಯೋವಾಗ ಬ್ಯಾಟರಿ ಮೇಲೆ ಮೀಟರ್ ಇಟ್ರೆ 9.6 ವೋಲ್ಟಿಗಿಂತ ಕೆಳಗೆ ಇಳೀಬಾರದು. ನೀವೂ ಅಷ್ಟೇ, ಒಂದ್ಸಲಕ್ಕೆ ಹತ್ತು ಸೆಕೆಂಡಿಗಿಂತ ಜಾಸ್ತಿ ಸೆಲ್ಫ್ ಹೊಡೀಬೇಡಿ, ಮಧ್ಯೆ ಅರ್ಧ ನಿಮಿಷ ಬಿಡಿ, ಇಲ್ಲಾಂದ್ರೆ ಮೋಟರೂ ಸುಟ್ಟೋಗತ್ತೆ.

ಮಾರೋದು ಬಿಡೋದು ನಿಮ್ಮ ಮನೆ ವಿಚಾರ. ಒಂದು ಹೋಸಿಗೋಸ್ಕರ ಮಾತ್ರ ಮಾರಬೇಡಿ.

ಪ್ರಶ್ನೆ: ಹಳೇ ಇಂಡಿಕಾ ಡೀಸೆಲ್ ಸರ್, ಮೈಸೂರು ಹಿನಕಲ್‌ನಲ್ಲಿ ಮನೆ. ಬೆಳಿಗ್ಗೆ ಸೆಲ್ಫ್ ಹೊಡೆದ್ರೆ ಬಿಳಿ ಹೊಗೆ ಬರತ್ತೆ, ಗಾಡಿ ನಡುಗತ್ತೆ, ಸ್ಟಾರ್ಟ್ ಆಗೋದು ತುಂಬಾ ಲೇಟು. ಪಂಪ್ ಸರ್ವಿಸ್ ಮಾಡ್ಸಿ ಅಂತಿದ್ದಾರೆ.

ಉತ್ತರ: ಬಿಳಿ ಹೊಗೆ ಬರ್ತಿದೆ ಅಂದ್ರೆ ಡೀಸೆಲ್ ಒಳಗೆ ಹೋಗ್ತಿದೆ, ಹೊತ್ಕೊಳ್ತಿಲ್ಲ ಅಷ್ಟೇ. ಹಂಗಾಗಿ ಮೊದಲು ಪಂಪಿಗೆ ಕೈ ಹಾಕೋದು ಬೇಡ, ನಾಲ್ಕು ಹೀಟರ್ ಪ್ಲಗ್ ನೋಡ್ಸಿ, ಸ್ಟಾರ್ಟ್ ಮಾಡೋಕೆ ಮುಂಚೆ ಸಿಲಿಂಡರ್ ಒಳಗೆ ಬಿಸಿ ಮಾಡೋದು ಅವೇ. ಈ ಇಂಜಿನ್ನಿಗೆ ಬೆಳಿಗ್ಗೆ ಹೀಟರ್ ಬೇಕೇ ಬೇಕು, ನಾಲ್ಕರಲ್ಲಿ ಎರಡು ಸತ್ರೆ ನೀವು ಹೇಳಿದ ಹಂಗೇ ನಡುಗ್ಕೊಂಡು ಒಂದೊಂದೇ ಸಿಲಿಂಡರ್ ಹಿಡಿಯೋದು. ವೈರ್ ಬಿಚ್ಚಿ ಒಂದೊಂದನ್ನೇ ಮೀಟರಲ್ಲಿ ನೋಡಿದ್ರೆ ಒಂದು ಓಮ್ ಆಸುಪಾಸು ತೋರಿಸ್ಬೇಕು, ಏನೂ ತೋರಿಸ್ಲಿಲ್ಲ ಅಂದ್ರೆ ಅದು ಸತ್ತಿದೆ. ನಾಲ್ಕೂ ಚೆನ್ನಾಗಿದ್ರೆ ರಿಲೇ, ಫ್ಯೂಸು, ಕೀ ಆನ್ ಮಾಡಿದಾಗ ಪ್ಲಗ್ಗಿಗೆ ಕರೆಂಟ್ ಬರತ್ತಾ ಅಂತ ನೋಡೋದು. ಇಷ್ಟೂ ಸರಿ ಇದ್ದು ಹೊಗೆ ಹಂಗೇ ಇದ್ರೆ ಆಗ ಕಂಪ್ರೆಷನ್, ಅಂದ್ರೆ ಸಿಲಿಂಡರ್ ಒಳಗೆ ಗಾಳಿ ಎಷ್ಟು ಒತ್ತಡಕ್ಕೆ ಅದುಮತ್ತೆ ಅಂತ ಚೆಕ್ ಮಾಡ್ಸಿ. ಡ್ಯಾಶಲ್ಲಿ ಹೀಟರ್ ಲೈಟ್ ಆರೋವರೆಗೂ ಕಾಯ್ತೀರಾ? ಪತ್ರದಲ್ಲಿ ಬರೆದಿಲ್ಲ, ಅದಕ್ಕೆ ಕೇಳಿದೆ.

ಪ್ರಶ್ನೆ: ಎಂಪಿಎಫ್‌ಐ (ಕಾರ್ಬುರೇಟರ್ ಇಲ್ಲದೆ ಕಂಪ್ಯೂಟರ್ ಲೆಕ್ಕದಲ್ಲಿ ಇಂಜೆಕ್ಟರಿಂದ ಪೆಟ್ರೋಲ್ ಬಿಡೋ) ಆಲ್ಟೊ, ಮದ್ದೂರು. ಬೆಳಿಗ್ಗೆ ಮೂರನೇ ಸೆಲ್ಫಿಗೆ ಸ್ಟಾರ್ಟ್ ಆಗತ್ತೆ, ಬೇರೆ ತೊಂದರೆ ಇಲ್ಲ. ಬಿಡೋದಾ, ನೋಡ್ಸೋದಾ?

ಉತ್ತರ: ನಾಳೆ ಬೆಳಿಗ್ಗೆ ಕೀ ಆನ್ ಮಾಡಿ ಸೆಲ್ಫ್ ಹೊಡೀಬೇಡಿ, ಹಿಂದೆ ಟ್ಯಾಂಕ್ ಕಡೆಯಿಂದ ಪಂಪು ಎರಡು ಸೆಕೆಂಡ್ ಗುಂಯ್ ಅನ್ನತ್ತೆ, ಸುಮ್ಮನಾದ ಮೇಲೆ ಆಫ್ ಮಾಡಿ ಮತ್ತೆ ಆನ್ ಮಾಡಿ, ಹಿಂಗೆ ಮೂರು ಸಲ ಮಾಡಿ ಆಮೇಲೆ ಸೆಲ್ಫ್ ಹೊಡೀರಿ. ಮೊದಲನೇ ಸಲಕ್ಕೇ ಹಿಡಿದ್ರೆ ರಾತ್ರಿ ಪೆಟ್ರೋಲ್ ಪ್ರೆಷರ್ ಇಳೀತಿದೆ, ಹೆಚ್ಚಾಗಿ ಪಂಪಿನ ವಾಲ್ವು, ಅಪರೂಪಕ್ಕೆ ಇಂಜೆಕ್ಟರ್ ಸೋರಿಕೆ. ಹಂಗೆ ಮಾಡಿದ್ರೂ ಹಿಡೀಲಿಲ್ಲ ಅಂದ್ರೆ ಕೂಲೆಂಟ್ ಟೆಂಪರೇಚರ್ ಸೆನ್ಸರ್ ನೋಡ್ಸಿ, ಅದು ಇಂಜಿನ್ ಬಿಸಿ ಇದೆ ಅಂತ ತಪ್ಪು ತಿಳಿಸಿದ್ರೆ ಕಂಪ್ಯೂಟರ್ ಪೆಟ್ರೋಲನ್ನ ಕಮ್ಮಿ ಬಿಡತ್ತೆ. ಸ್ಕ್ಯಾನರ್ ಹಾಕಿಸೋದಾದ್ರೆ ಇದನ್ನೂ ಬೆಳಿಗ್ಗೆ ಗಾಡಿ ತಣ್ಣಗಿರೋವಾಗಲೇ ಹಾಕ್ಸಿ, ಸೆನ್ಸರ್ ತೋರಿಸೋ ಡಿಗ್ರಿನೂ ಹೊರಗಿನ ಹವೆಯ ಡಿಗ್ರಿನೂ ಹತ್ತತ್ರ ಒಂದೇ ಇರಬೇಕು.